ಮಂತ್ರ ಹತ್ತದಿದ್ದರೆ ಎಲ್ಲಿಂದ ಹುಡುಕಬೇಕು? ದುರಂತದ ನಂತರದ ಫೆರೂನ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ಮಂತ್ರ ಹೇಳಿದಿರಿ. ಕೈ ಆಡಿಸಿದಿರಿ. ಏನೂ ಆಗಲಿಲ್ಲ. ಟೇಬಲ್ ಸುತ್ತ ಎಲ್ಲರೂ ಆಟ ನಡೆಸುವ ಡಂಜನ್ ಮಾಸ್ಟರ್ ಮುಖ ನೋಡುತ್ತಾರೆ. ಯಾರೋ ಒಬ್ಬರು ಮೆಲ್ಲಗೆ ಹೇಳುತ್ತಾರೆ, 'ವೀವ್ ಹರಿದುಹೋಗಿದೆ.'

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕತೆ ನಡೆಸುವ ಆಟ. ಅದರ ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ (ಫೆರೂನ್ ಅಲ್ಲಿನ ಮುಖ್ಯ ಖಂಡ) ಈ ಅನುಮಾನ ಸಹಜ. ಅಲ್ಲಿ ಮಾಯಾಶಕ್ತಿ ಗಾಳಿಯ ಹಾಗೆ ಸುಮ್ನೆ ಹರಡಿಕೊಂಡಿಲ್ಲ. ವೀವ್ ಅನ್ನುವ ನೇಯ್ಗೆಯ ಮೂಲಕವೇ ಅದು ಮಾಂತ್ರಿಕನ ಕೈಗೆ ಸಿಗುವುದು. ಆ ನೇಯ್ಗೆಯನ್ನು ಕಾಯುವವಳು ಮಿಸ್ಟ್ರಾ ದೇವತೆ. ಅವಳು ಒಂದಲ್ಲ, ಹಲವು ಸಲ ಸತ್ತಿದ್ದಾಳೆ. ಪ್ರತಿ ಸಲವೂ ನೇಯ್ಗೆ ಹರಿದಿದೆ. ಹಾಗಾಗಿ ಮಂತ್ರ ಕೈಕೊಟ್ಟಾಗ ಮೊದಲ ಬೈಗುಳ ಲೋಕಕ್ಕೇ ಬೀಳುತ್ತದೆ.

ನಾನು ಹೇಳುವುದು ಇಷ್ಟೇ. ಲೋಕವನ್ನು ಕೊನೆಗೆ ಅನುಮಾನಿಸಿ. ಹತ್ತಿರದ್ದನ್ನು, ಖರ್ಚಿಲ್ಲದ್ದನ್ನು ಮೊದಲು ನೋಡಿ. ನೇಯ್ಗೆಯೇ ಹರಿದಿದ್ದರೂ ಹರಿದ ಜಾಗಕ್ಕೆ ಒಂದು ಅಂಚು ಇರುತ್ತದೆ. ಅಂಚು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಕೆಳಗಿನ ಲೆಕ್ಕಗಳೆಲ್ಲ 2014ರ ಐದನೇ ಆವೃತ್ತಿಯ ನಿಯಮದವು. ಹಳೆಯ ಆವೃತ್ತಿಯ ಮಾತು ಬಂದಲ್ಲಿ ಹಾಗೆಂದು ಹೇಳಿದ್ದೇನೆ.

ಮುಟ್ಟುವ ಮೊದಲು: ನಿಮ್ಮ ಕತೆ ಯಾವ ವರ್ಷದಲ್ಲಿ ನಡೆಯುತ್ತಿದೆ?

ಇದಕ್ಕೆ ಒಂದು ಸ್ಪೆಲ್ ಸ್ಲಾಟೂ, ಅಂದರೆ ಇಷ್ಟೇ ಅಂತ ಎಣಿಸಿ ಸಿಗುವ ಮಂತ್ರದ ಪಾಲೂ, ಖರ್ಚಾಗುವುದಿಲ್ಲ. ಆದರೂ ಜಾಸ್ತಿ ಜನ ಕೇಳಿಕೊಳ್ಳದ ಪ್ರಶ್ನೆ ಇದು.

ಆ ಲೋಕದ ದುರಂತಗಳು ಆಟದ ನಿಯಮ ಬದಲಾದಾಗಲೇ ಬಂದಿವೆ. 1989ರಲ್ಲಿ ಎರಡನೇ ಆವೃತ್ತಿ ಬಂತು. ಆ ಬದಲಾವಣೆಗೆ ಕತೆಯಲ್ಲಿ ಕಾರಣವಾದದ್ದು ದೇವರುಗಳು ನೆಲಕ್ಕಿಳಿದು ಅಲೆದಾಡಿದ ಸಂಕಟದ ಕಾಲ. ಅದು ಅಲ್ಲಿನ ಲೆಕ್ಕದಲ್ಲಿ 1358. ನಮ್ಮ 2008ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಅದರ ಜೊತೆ ಸ್ಪೆಲ್‌ಪ್ಲೇಗ್ ಬಂತು. ಅಲ್ಲಿ ಆಗ 1385. ಸಿರಿಕ್ ಅನ್ನುವ ದೇವರು ಶಾರ್ ದೇವತೆಯ ನೆರವಿನಿಂದ ಮಿಸ್ಟ್ರಾಳನ್ನು ಕೊಂದ. ನೇಯ್ಗೆ ಕುಸಿದು ನೀಲಿ ಬೆಂಕಿ ಹಬ್ಬಿತು. 2014ರ ಐದನೇ ಆವೃತ್ತಿಯ ಹೊತ್ತಿಗೆ, ಅಂದರೆ ಅಲ್ಲಿನ 1480ರ ದಶಕದ ಕೊನೆಗೆ, ಮಿಸ್ಟ್ರಾ ಮರಳಿದಳು, ನೇಯ್ಗೆ ಕೂಡಿಕೊಂಡಿತು.

ಆದ್ದರಿಂದ ನಿಮ್ಮ ಕತೆ 1490ರ ದಶಕದಲ್ಲಿದ್ದರೆ, ಮೈಲಿಗಟ್ಟಲೆ ಮಂತ್ರ ಸತ್ತ ನೆಲ ತೀರಾ ಅಪರೂಪ. ಅಲ್ಲಿ ಮಂತ್ರ ಆರಿತು ಅಂದರೆ ಹಳೆಯ ಗಾಯಕ್ಕಿಂತ ಮೊದಲು ಜೀವಂತ ಕಾರಣವನ್ನು ಹುಡುಕಿ. 1360ರ ದಶಕದಲ್ಲಿದ್ದರೆ ಹಳೆಯ ಗಾಯದ ಸಂಭವವೇ ಜಾಸ್ತಿ. ಸ್ಪೆಲ್‌ಪ್ಲೇಗ್ ಹೊಡೆದ ಮರುವರ್ಷಗಳಲ್ಲಿದ್ದರೆ ಈ ಕೈಪಿಡಿಯ ಕೊನೆಯ ಭಾಗಕ್ಕೆ ನೇರವಾಗಿ ಹೋಗಿ.

'ನನ್ನ ಮಂತ್ರ ಮಾತ್ರ ಹತ್ತುತ್ತಿಲ್ಲ, ಉಳಿದವರದು ಸರಿಯಿದೆ'

ದೋಷ ನಿಮ್ಮ ಕೈಯಲ್ಲೋ ಬಾಯಲ್ಲೋ ಇದೆ. ಈ ಕ್ರಮದಲ್ಲಿ ನೋಡಿ.

ಬಾಯಿ ಕಟ್ಟಿದೆಯಾ? ಮಾತು ಬೇಕಾದ ಮಂತ್ರಕ್ಕೆ ಗಟ್ಟಿಯಾಗಿ ಉಚ್ಚರಿಸುವ ಬಾಯಿ ಬೇಕು. ಸೈಲೆನ್ಸ್ ಮಂತ್ರದ 20 ಅಡಿ ತ್ರಿಜ್ಯದೊಳಗೆ ಸದ್ದೇ ಹುಟ್ಟುವುದಿಲ್ಲ. ಹಾಗಿದ್ದರೆ ಮೈನರ್ ಇಲ್ಯೂಷನ್ ಪ್ರಯತ್ನಿಸಿ. ಅದಕ್ಕೆ ಮಾತು ಬೇಡ. ಅದು ಹತ್ತಿದರೆ ನೇಯ್ಗೆ ಗಟ್ಟಿಯಾಗಿದೆ, ಸದ್ದು ಮಾತ್ರ ಸತ್ತಿದೆ.

ಕೈ ಖಾಲಿ ಇದೆಯಾ? ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕತ್ತಿ ಇದ್ದರೆ ಕೈಸನ್ನೆಯ ಮಂತ್ರ ಆಗುವುದಿಲ್ಲ. ನಮ್ಮ ಟೇಬಲ್‌ನಲ್ಲಿ ಒಮ್ಮೆ ಇಡೀ ಸಂಜೆ ಇದರಲ್ಲೇ ಕಳೆಯಿತು. ಆ ಹುಡುಗಿಯ ಪಾತ್ರ ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ಗಾಯಗೊಂಡ ಗೆಳೆಯನನ್ನು ಹಿಡಿದಿತ್ತು. ಎಲ್ಲರೂ ಮಿಸ್ಟ್ರಾ ಸತ್ತಳು ಅಂತ ತೀರ್ಮಾನ ಮಾಡಿ, ಊರು ಬಿಟ್ಟು ಹೋಗುವ ಯೋಜನೆ ಹಾಕಿದ್ದೆವು. ಪಂಜು ಕೆಳಗಿಟ್ಟಿದ್ದರೆ ಸಾಕಿತ್ತು.

ಸಾಮಗ್ರಿ ಇದೆಯಾ? ಬೆಲೆ ಬರೆದಿರುವ ಸಾಮಗ್ರಿಯ ಜಾಗಕ್ಕೆ ಮಂತ್ರದಂಡವಾಗಲಿ ಸಾಮಗ್ರಿಯ ಚೀಲವಾಗಲಿ ಆಗುವುದಿಲ್ಲ. ಐಡೆಂಟಿಫೈ ಮಂತ್ರಕ್ಕೆ 100 ಚಿನ್ನದ ನಾಣ್ಯ ಬೆಲೆಯ ಮುತ್ತೇ ಬೇಕು.

ಅಭ್ಯಾಸವಿಲ್ಲದ ಕವಚ ತೊಟ್ಟಿದ್ದೀರಾ? ಹಾಗಿದ್ದರೆ ಯಾವ ಮಂತ್ರವೂ ಇಲ್ಲ. ಬಾರ್ಬೇರಿಯನ್ ಅನ್ನುವ ಕಾಡು ಯೋಧ ಪಾತ್ರ ಸಿಟ್ಟಿನಲ್ಲಿದ್ದಾಗಲೂ ಅಷ್ಟೇ. ಅದೇ ಸರದಿಯಲ್ಲಿ, ಮುಖ್ಯ ಕೆಲಸದ ಜೊತೆ ಸಿಗುವ ಬೋನಸ್ ಆ್ಯಕ್ಷನ್‌ನಿಂದ ಒಂದು ಮಂತ್ರ ಹಾಕಿದ್ದರೆ, ಉಳಿದದ್ದು ಒಂದು ಆ್ಯಕ್ಷನ್‌ನ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸಣ್ಣ ಮಂತ್ರ) ಮಾತ್ರ.

ಮಂತ್ರ ಶುರುವಾಗಿ ನಡುವೆ ಆರಿತಾ? ಪೆಟ್ಟು ಬಿದ್ದಾಗ ಏಕಾಗ್ರತೆ ತಪ್ಪಿರಬಹುದು. 10 ಅಥವಾ ಬಿದ್ದ ಪೆಟ್ಟಿನ ಅರ್ಧ, ಯಾವುದು ದೊಡ್ಡದೋ ಅದನ್ನು ದಾಳ ಮುಟ್ಟಬೇಕಿತ್ತು. ಶುರುವಾಗುವಾಗಲೇ ಮುರಿಯಿತಾ? 60 ಅಡಿಯೊಳಗೆ ನಿಮ್ಮನ್ನು ನೋಡುತ್ತಾ ನಿಂತವನು ಕೌಂಟರ್‌ಸ್ಪೆಲ್ ಹಾಕಿರಬಹುದು. ಸುತ್ತ ಕಣ್ಣಾಡಿಸಿ.

'ಒಂದೇ ಗುರಿಗೆ ತಾಗುತ್ತಿಲ್ಲ'

ಪಕ್ಕದವನಿಗೆ ತಾಗಿದ ಮಂತ್ರ ಇವನಿಗೆ ತಾಗದಿದ್ದರೆ ದೋಷ ಇವನಲ್ಲಿದೆ. ರಾಕ್ಷಸ ಅನ್ನುವ ಹೆಸರಿನ ಜೀವಿಗೆ ಆರನೇ ಮಟ್ಟದವರೆಗಿನ ಮಂತ್ರ ಅದು ಒಪ್ಪಿದರೆ ಮಾತ್ರ ತಾಗುತ್ತದೆ. ಆ ಹೆಸರು ನಮ್ಮ ಪುರಾಣದಿಂದಲೇ ಅಲ್ಲಿಗೆ ಹೋದದ್ದು. ಮಂತ್ರದ ರಕ್ಷಾಗೋಳವಾದ ಗ್ಲೋಬ್ ಆಫ್ ಇನ್‌ವಲ್ನರಬಿಲಿಟಿ ಒಳಗೆ ನಿಂತವನಿಗೆ ಹೊರಗಿನಿಂದ ಬಂದ ಐದನೇ ಮಟ್ಟದವರೆಗಿನದು ಮುಟ್ಟುವುದಿಲ್ಲ. ಬೇರೆ ಗುರಿ ಹಿಡಿಯಿರಿ.

'ಈ ಜಾಗಕ್ಕೆ ಕಾಲಿಟ್ಟ ಕೂಡಲೇ ಎಲ್ಲರದೂ ಆರಿಹೋಯಿತು'

ಈಗ ಜಾಗವನ್ನು ಅನುಮಾನಿಸಬಹುದು. ಆದರೆ ಮುಂದೆ ಹೋಗಬೇಡಿ. ಬಂದ ದಾರಿಯಲ್ಲೇ ಹತ್ತು ಹೆಜ್ಜೆ ಹಿಂದೆ ಬನ್ನಿ.

ಇದಕ್ಕೆ ನಾನು ನಂಬುವ ಸಾಧನ ಒಂದೇ. ಉದ್ದನೆಯ ಗಳ, ಅದರ ತುದಿಗೆ ಕಟ್ಟಿದ ಒಂದು ಕಲ್ಲು, ಕಲ್ಲಿನ ಮೇಲೆ ಲೈಟ್ ಮಂತ್ರ. ಪಕ್ಕದಲ್ಲೇ ಎಣ್ಣೆಯಲ್ಲಿ ಅದ್ದಿದ ಮಾಮೂಲಿ ಪಂಜು. ಲೈಟ್ ಕ್ಯಾಂಟ್ರಿಪ್ ಆದ್ದರಿಂದ ಸ್ಲಾಟ್ ಬೇಡ, ಒಂದು ಗಂಟೆ ಉರಿಯುತ್ತದೆ. ಗಳವನ್ನು ಮುಂದೆ ಚಾಚಿಕೊಂಡು ನಿಧಾನ ನಡೆಯಿರಿ. ನಂತರ ಕಲ್ಲನ್ನೂ ಪಂಜನ್ನೂ ಒಟ್ಟಿಗೆ ಗಮನಿಸಿ.

ಕಲ್ಲು ಆರಿತು, ಪಂಜು ಉರಿಯುತ್ತಿದೆ, ಗಳ ಹಿಂದೆಳೆದಾಗ ಕಲ್ಲು ಮತ್ತೆ ಬೆಳಗಿತು: ಮಂತ್ರ ಸತ್ತಿಲ್ಲ, ಅದುಮಿಟ್ಟಿದೆ. ನೇಯ್ಗೆ ಹರಿದ ಡೆಡ್ ಮ್ಯಾಜಿಕ್ ಜಾಗ, ಅಥವಾ ಯಾರೋ ಹಾಕಿದ, ಮಂತ್ರಗಳನ್ನು ಅದುಮುವ ಆ್ಯಂಟಿಮ್ಯಾಜಿಕ್ ಫೀಲ್ಡ್.

ಕಲ್ಲು ಆರಿತು, ಪಂಜಿನ ಬೆಳಕೂ ಕಾಣದಾಯಿತು, ಹಿಂದೆಳೆದರೂ ಕಲ್ಲು ಬೆಳಗಲಿಲ್ಲ: ಅದು ಡಾರ್ಕ್‌ನೆಸ್ ಮಂತ್ರ. ಎರಡನೇ ಮಟ್ಟದವರೆಗಿನ ಬೆಳಕಿನ ಮಂತ್ರವನ್ನು ಅದು ಅಳಿಸಿಯೇ ಬಿಡುತ್ತದೆ. ನೇಯ್ಗೆಗೆ ಏನೂ ಆಗಿಲ್ಲ.

ಕಲ್ಲು ಬೆಳಗುತ್ತಲೇ ಇದೆ, ಆದರೆ ಹೊಸ ಮಂತ್ರ ಹತ್ತುತ್ತಿಲ್ಲ: ಸದ್ದು ಬರುತ್ತಿದೆಯಾ ನೋಡಿ. ಸೈಲೆನ್ಸ್ ಇರಬಹುದು.

ಅಂಚು ಸಿಕ್ಕ ಮೇಲೆ ಅದನ್ನು ಅಳೆಯಿರಿ. ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾ ಸುತ್ತು ಬನ್ನಿ. 10 ಅಡಿ ತ್ರಿಜ್ಯದ ಸರಿಯಾದ ಗುಂಡಗೆ ಬಂತಾ? ಅದು ಎಂಟನೇ ಮಟ್ಟದ ಆ್ಯಂಟಿಮ್ಯಾಜಿಕ್ ಫೀಲ್ಡ್. ಹಾಕಿದವನು ಅದರ ನಡುವೆಯೇ ಇದ್ದಾನೆ, ಅದು ಅವನ ಜೊತೆ ನಡೆಯುತ್ತದೆ, ಹೆಚ್ಚೆಂದರೆ ಒಂದು ಗಂಟೆ ಇರುತ್ತದೆ. ಮಂತ್ರ ಅಳಿಸುವ ಡಿಸ್ಪೆಲ್ ಮ್ಯಾಜಿಕ್ ಹಾಕಿ ಮೂರನೇ ಮಟ್ಟದ ಸ್ಲಾಟ್ ಹಾಳು ಮಾಡಿಕೊಳ್ಳಬೇಡಿ. ಅದರ ಮೇಲೆ ಡಿಸ್ಪೆಲ್ ನಡೆಯುವುದಿಲ್ಲ. ದೂರ ಹೋಗಿ ಕಾಯಿರಿ.

ಅಂಚು ಅಂಕುಡೊಂಕಾಗಿದ್ದು, ಮಾರನೆಯ ದಿನವೂ ಅಲ್ಲೇ ಇದ್ದರೆ ಅದು ನಿಜವಾದ ಗಾಯ. ಸೀರೆ ಮೊಳೆಗೆ ಸಿಕ್ಕಿ ಹರಿದ ಹಾಗೆ, ಹರಿದಷ್ಟೇ ಜಾಗದಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. 1358ರಲ್ಲಿ ಟ್ಯಾಂಟ್ರಸ್ ಊರಲ್ಲಿ ಬೇನ್ ಮತ್ತು ಟಾರ್ಮ್ ಎಂಬ ಇಬ್ಬರು ದೇವರು ಕಾದಾಡಿ ಇಬ್ಬರೂ ಸತ್ತರು. ಅಲ್ಲಿ ಉಳಿದದ್ದು ಇಂಥ ಜಾಗ. ಇದನ್ನು ನಿಮ್ಮ ಕೈಯಲ್ಲಿ ಹೊಲಿಯಲು ಆಗುವುದಿಲ್ಲ. ಬಳಸಿಕೊಂಡು ಹೋಗಿ, ಇಲ್ಲವೇ ಮಂತ್ರವಿಲ್ಲದೆ ದಾಟಿ.

ದಾಟುವುದೇ ಆದರೆ ನಾಲ್ಕು ಎಚ್ಚರಿಕೆ. ಡೆಡ್ ಮ್ಯಾಜಿಕ್ ಜಾಗಕ್ಕೆ ನಾನು ಆ್ಯಂಟಿಮ್ಯಾಜಿಕ್ ಫೀಲ್ಡ್‌ನ ನಿಯಮವನ್ನೇ ಇಟ್ಟುಕೊಳ್ಳುತ್ತೇನೆ, ಹಾಗಾಗಿ ಇವು ಎರಡಕ್ಕೂ ಸಲ್ಲುತ್ತವೆ.

ಮಂತ್ರದಿಂದ ಹಾರುತ್ತಾ ಒಳಗೆ ಹೋಗಬೇಡಿ, ಬೀಳುತ್ತೀರಿ. ಪ್ರತಿ 10 ಅಡಿ ಬೀಳುವಿಕೆಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು, ಗರಿಷ್ಠ 20 ದಾಳ. ಹೊರಗಿಗಿಂತ ಒಳಗೆ ದೊಡ್ಡದಾದ ಮಾಯಾಚೀಲ ಬ್ಯಾಗ್ ಆಫ್ ಹೋಲ್ಡಿಂಗ್ ಒಳಗೆ ಜೀವಂತ ಯಾರನ್ನೂ ಇಟ್ಟುಕೊಂಡು ಹೋಗಬೇಡಿ. ಅಂಥ ಚೀಲದ ಬಾಯಿ ಅಲ್ಲಿ ಮುಚ್ಚಿಕೊಳ್ಳುತ್ತದೆ, ಒಳಗೆ ಒಬ್ಬರಿಗೆ 10 ನಿಮಿಷದ ಗಾಳಿ ಮಾತ್ರ. ಕರೆಸಿದ ಜೀವಿ ಅಂಚಿನಲ್ಲಿ ಮಾಯವಾಗುತ್ತದೆ, ಅದರ ಮೇಲೆ ಕೂತವರು ನೆಲಕ್ಕೆ ಬೀಳುತ್ತಾರೆ. ಮತ್ತು ಅದುಮಿಟ್ಟ ಮಂತ್ರದ ಗಡಿಯಾರ ನಿಲ್ಲುವುದಿಲ್ಲ. ಒಳಗೆ ಕಳೆದ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಹೊರಬಂದಾಗ ಕಲ್ಲು ಬೆಳಗದಿದ್ದರೆ ಗಂಟೆ ಮುಗಿದಿತ್ತಾ ಅಂತ ಮೊದಲು ನೋಡಿ.

'ಅಂಚು ಸರಿದಾಡುತ್ತಿದೆ'

ನಿಲ್ಲಿ. ಇಲ್ಲಿಗೆ ಪರೀಕ್ಷೆ ಮುಗಿಯಿತು.

ನೆಲದ ಗಾಯ ನಡೆದಾಡುವುದಿಲ್ಲ. ಕಲ್ಲು ಆರುತ್ತದೆ, ಬೆಳಗುತ್ತದೆ, ನೀವು ಕದಲದೇ ಇದ್ದರೂ ಮತ್ತೆ ಆರುತ್ತದೆ ಅಂದರೆ ಫೀಲ್ಡ್ ಹಾಕಿದವನು ಹತ್ತಿರ ಅಡ್ಡಾಡುತ್ತಿಲ್ಲದಿದ್ದರೆ, ಯಾರೋ ನಿಮ್ಮ ಕಡೆ ತಿರುಗಿ ನೋಡುತ್ತಿದ್ದಾರೆ. ಅದು ಬಿಹೋಲ್ಡರ್, ಹಲವು ಕಣ್ಣುಗಳ ತೇಲುವ ಗೋಳದಂಥ ಜೀವಿ. ಬಿಹೋಲ್ಡರ್‌ನ ನಡುಗಣ್ಣಿನಿಂದ 150 ಅಡಿ ಉದ್ದದ ಶಂಕುವಿನಾಕಾರದಲ್ಲಿ ಮಂತ್ರ ಸಾಯುತ್ತದೆ. ಆ ಕಣ್ಣು ತೆರೆದಿರಬೇಕೋ ಮುಚ್ಚಿರಬೇಕೋ ಅಂತ ಅದೇ ಪ್ರತಿ ಸರದಿಯಲ್ಲಿ ತೀರ್ಮಾನಿಸುತ್ತದೆ. ಶಂಕುವಿನ ಒಳಗೆ ಅದರ ಬೇರೆ ಕಣ್ಣುಗಳ ಕಿರಣವೂ ನಡೆಯುವುದಿಲ್ಲ. ಹಾಗಾಗಿ ಕಲ್ಲು ಮತ್ತೆ ಬೆಳಗಿದ ಕ್ಷಣವೇ ಜಾಸ್ತಿ ಅಪಾಯದ್ದು. ಗಟ್ಟಿ ಗೋಡೆಯ ಮರೆ ಸೇರಿ.

'ಹೇಳಿದ್ದು ಒಂದು, ಆದದ್ದು ಇನ್ನೊಂದು'

ಮಂತ್ರ ಆರಿಲ್ಲ, ದಿಕ್ಕು ತಪ್ಪಿದೆ. ಇದು ವೈಲ್ಡ್ ಮ್ಯಾಜಿಕ್. ಇಲ್ಲಿ ಕೇಳಬೇಕಾದ್ದು: ಹುಚ್ಚು ಹಿಡಿದಿರುವುದು ಜಾಗಕ್ಕಾ, ಒಬ್ಬ ಮನುಷ್ಯನಿಗಾ?

ನಿಮ್ಮ ಗುಂಪಿನಲ್ಲಿ ವೈಲ್ಡ್ ಮ್ಯಾಜಿಕ್ ಸಾರ್ಸರರ್ ಎಂಬ ಮಾಂತ್ರಿಕ ಪಾತ್ರ ಇದ್ದರೆ ಅವರ ರಕ್ತದಲ್ಲೇ ಅದು ಇದೆ. ಒಂದನೇ ಮಟ್ಟ ಅಥವಾ ಮೇಲಿನ ಮಂತ್ರ ಹಾಕಿದಾಗ ಡಂಜನ್ ಮಾಸ್ಟರ್ 20 ಮುಖದ ದಾಳ ಉರುಳಿಸಲು ಹೇಳಬಹುದು. 1 ಬಿದ್ದರೆ ನಿಯಮ ಪುಸ್ತಕದ ವೈಲ್ಡ್ ಮ್ಯಾಜಿಕ್ ಪಟ್ಟಿಯಿಂದ ಏನೋ ಒಂದು ಆಗುತ್ತದೆ. ಕ್ಯಾಂಟ್ರಿಪ್‌ಗೆ ಹೀಗಾಗುವುದಿಲ್ಲ. ಪರೀಕ್ಷೆ ಇಲ್ಲೇ ಅಡಗಿದೆ. ಸಾರ್ಸರರ್ ದೂರ ನಿಲ್ಲಲಿ. ಬೇರೆ ಒಬ್ಬರು ಸಾದಾ ಕ್ಯಾಂಟ್ರಿಪ್ ಹಾಕಲಿ, ಐದಾರು ಸಲ. ಅದೂ ದಿಕ್ಕು ತಪ್ಪಿದರೆ ದೋಷ ಜಾಗದ್ದು. ತಪ್ಪದಿದ್ದರೆ ಗೆಳೆಯನದು, ಅದು ದೋಷವೂ ಅಲ್ಲ, ಅವರ ಸ್ವಭಾವ.

ಪರೀಕ್ಷೆಗೆ ಎಂದೂ ಬೆಂಕಿ, ಸಿಡಿಲಿನ ಮಂತ್ರ ಬಳಸಬೇಡಿ. ಆ ಪಟ್ಟಿಯಲ್ಲಿ ಮಂತ್ರ ಹಾಕಿದವರ ಮೇಲೇ ಫೈರ್‌ಬಾಲ್ ಸಿಡಿಯುವ ಒಂದು ಸಾಲಿದೆ. ಎಂಟು ದಾಳದ ಪೆಟ್ಟು, ಸರಾಸರಿ 28. ಮೊದಲ ಹಂತದ ಪಾತ್ರಗಳು ಗುಂಪಾಗಿ ನಿಂತಿದ್ದರೆ ಒಬ್ಬರೂ ಉಳಿಯದೇ ಇರಬಹುದು. ಪರೀಕ್ಷೆ ಮಾಡುವವರು ಒಬ್ಬರೇ, ಉಳಿದವರಿಂದ ಕನಿಷ್ಠ 30 ಅಡಿ ದೂರ ನಿಲ್ಲಬೇಕು.

'ಎಲ್ಲರದೂ ಆರಿದೆ, ಅವನದು ಮಾತ್ರ ಉರಿಯುತ್ತಿದೆ'

ಮೂರನೇ ಆವೃತ್ತಿಯ ಕಾಲದ, ಅಂದರೆ ಅಲ್ಲಿನ 1372ರ ಸುಮಾರಿನ ಕತೆಯಾಗಿದ್ದರೆ ಇದು ತುಂಬಾ ಬೆಲೆಯುಳ್ಳ ಸುಳಿವು. ಶಾರ್ ದೇವತೆ ಮಿಸ್ಟ್ರಾಳ ನೇಯ್ಗೆಗೆ ಎದುರಾಗಿ ನೆರಳಿನ ನೇಯ್ಗೆ ಮಾಡಿಕೊಂಡಿದ್ದಳು. ವೀವ್ ಹರಿದ ಜಾಗದಲ್ಲೂ ಅದು ಕೆಲಸ ಮಾಡುತ್ತದೆ. ಡೆಡ್ ಮ್ಯಾಜಿಕ್ ಜಾಗದ ನಡುವೆ ನಿಂತು ಒಬ್ಬ ನಿರಾಳವಾಗಿ ಮಂತ್ರ ಹಾಕಿದರೆ, ಅವನು ಯಾರ ಭಕ್ತ ಅಂತ ವಿಚಾರಿಸಿ. ಅವನ ಬಳಿ ದಾರಿ ಕೇಳಬೇಡಿ. ಸ್ಪೆಲ್‌ಪ್ಲೇಗ್‌ನಲ್ಲಿ ಆ ನೆರಳಿನ ನೇಯ್ಗೆಯೂ ಕುಸಿಯಿತು, ಆದ್ದರಿಂದ ನಂತರದ ಕತೆಗಳಿಗೆ ಈ ಲಕ್ಷಣ ಹೊಂದುವುದಿಲ್ಲ.

'ಕ್ಲೆರಿಕ್‌ಗೆ ಮಾತ್ರ ಮಂತ್ರ ಸಿಗುತ್ತಿಲ್ಲ'

ಕ್ಲೆರಿಕ್ ಅಂದರೆ ದೇವರಿಂದ ಮಂತ್ರ ಪಡೆಯುವ ಪುರೋಹಿತ ಪಾತ್ರ. ಮೊದಲು ಅವರ ಕೊರಳಲ್ಲಿ ದೇವರ ಪವಿತ್ರ ಚಿಹ್ನೆ ಇದೆಯಾ ನೋಡಿ. ಇದ್ದರೆ ವರ್ಷ ನೋಡಿ. 1358ರ ಸಂಕಟದ ಕಾಲದಲ್ಲಿ ದೇವರುಗಳೇ ನೆಲದ ಮೇಲಿದ್ದರು. ತನ್ನ ದೇವರಿಂದ ಒಂದು ಮೈಲಿಯೊಳಗೆ ಇದ್ದವರಿಗೆ ಮಾತ್ರ ಮಂತ್ರ ಸಿಗುತ್ತಿತ್ತು. ಆ ಕಾಲದ ಕತೆಯಲ್ಲಿ ಕ್ಲೆರಿಕ್‌ಗೆ ಇದ್ದಕ್ಕಿದ್ದಂತೆ ಮಂತ್ರ ಮರಳಿತು ಅಂದರೆ ಸಂಭ್ರಮಪಡುವ ಮೊದಲು ಸುತ್ತ ನೋಡಿ. ಅವರ ದೇವರು ಒಂದು ಮೈಲಿಯೊಳಗೆ ಎಲ್ಲೋ ನಡೆದಾಡುತ್ತಿದ್ದಾನೆ.

'ದೂರದಲ್ಲಿ ನೀಲಿ ಬೆಂಕಿ ಕಾಣುತ್ತಿದೆ'

ಪರೀಕ್ಷಿಸಬೇಡಿ. ಗಳವೂ ಬೇಡ, ಕಲ್ಲೂ ಬೇಡ.

ಇದು ಸ್ಪೆಲ್‌ಪ್ಲೇಗ್‌ನ ಉಳಿಕೆ. ಮುಟ್ಟಿದ್ದನ್ನು ಸುಡುವುದಕ್ಕಿಂತ ಬದಲಿಸುತ್ತದೆ: ಕಲ್ಲನ್ನು, ಮರವನ್ನು, ಮೈಯನ್ನು. ನೆಲದ ತುಂಡುಗಳೇ ಕಿತ್ತು ಗಾಳಿಯಲ್ಲಿ ತೇಲಿವೆ. ಬದುಕಿ ಬಂದ ಕೆಲವರ ಮೈಮೇಲೆ ಗುರುತು ಉಳಿಯಿತು, ಅವರನ್ನು ಸ್ಪೆಲ್‌ಸ್ಕಾರ್ಡ್ ಅನ್ನುತ್ತಾರೆ. ಆ ಗುರುತು ಶಕ್ತಿ ಕೊಡುತ್ತದೆ ಅಂತ ಹುಡುಕಿಕೊಂಡು ಹೋದವರೂ ಇದ್ದಾರೆ. ಆಟಗಾರರು ಆ ಶಕ್ತಿಯ ಆಸೆಗೆ ಪಾತ್ರವನ್ನು ಒಳಗೆ ಕಳಿಸಲು ಹೊರಟರೆ, ಪಾತ್ರ ಮರಳಿ ಬಾರದೇ ಇರಬಹುದು ಅಂತ ಡಂಜನ್ ಮಾಸ್ಟರ್ ಮೊದಲೇ ಬಿಡಿಸಿ ಹೇಳಬೇಕು.

ಲಕ್ಷಣ ಈ ಲೋಕದ್ದೇ ಅಲ್ಲದಿದ್ದರೆ

ಇದೇ ಆಟಕ್ಕೆ ಡಾರ್ಕ್ ಸನ್, ಎಬೆರಾನ್ ಥರದ ಬೇರೆ ಕಲ್ಪಿತ ಲೋಕಗಳೂ ಇವೆ. ಮಂತ್ರ ಹಾಕಿದಾಗ ಸುತ್ತಲಿನ ಹುಲ್ಲು ಬೂದಿಯಾಯಿತಾ? ಅದು ಡಾರ್ಕ್ ಸನ್‌ನ ಅಥಾಸ್ ಲೋಕ. ಅಲ್ಲಿ ಮಾಂತ್ರಿಕರು ಗಿಡಮರಗಳ ಜೀವದಿಂದ ಶಕ್ತಿ ಎಳೆಯುತ್ತಾರೆ. ಮಂತ್ರ ಕೆಟ್ಟಿಲ್ಲ, ಮಂತ್ರದಿಂದ ನೆಲ ಕೆಟ್ಟಿದೆ. ಅವಸರ ಬಿಟ್ಟು, ಜೀವ ಉಳಿಯುವಷ್ಟೇ ಎಳೆದುಕೊಳ್ಳುವುದೊಂದೇ ಪರಿಹಾರ.

ಹೆಣ ಕೊಳೆಯುತ್ತಿಲ್ಲ, ಗಾಯ ಮಾಯುತ್ತಿಲ್ಲ, ಬೂದು ಮಂಜು ಕವಿದಿದೆಯಾ? ಅದು ಎಬೆರಾನ್‌ನ ಮೋರ್ನ್‌ಲ್ಯಾಂಡ್. ಅಲ್ಲಿನ 994ರಲ್ಲಿ ಸೈರ್ ಎಂಬ ನಾಡು ಒಂದೇ ದಿನದಲ್ಲಿ ಅಳಿದ ಜಾಗ. ಮಂತ್ರಗಳೇ ಅಲ್ಲಿ ಜೀವ ತಳೆದು ಅಲೆಯುತ್ತವೆ. ಮಂಜಿನಿಂದ ಹೊರಗೆ ಬಂದ ಮೇಲೆಯೇ ಗಾಯಕ್ಕೆ ಮದ್ದು ಮಾಡಿ.

ಮಂಜಿಲ್ಲದೆ, ಒಬ್ಬರ ಗಾಯ ಮಾತ್ರ ಮಾಯುತ್ತಿಲ್ಲ ಅಂದರೆ ಅಷ್ಟು ದೂರ ಯೋಚಿಸಬೇಡಿ. ಚಿಲ್ ಟಚ್ ಮಂತ್ರ ತಾಗಿದವರಿಗೆ ಅದನ್ನು ಹಾಕಿದವನ ಮುಂದಿನ ಸರದಿಯವರೆಗೆ ಯಾವ ಆರೈಕೆಯೂ ಹತ್ತುವುದಿಲ್ಲ. ವೈಟ್ ಎಂಬ ನಡೆದಾಡುವ ಹೆಣ ಜೀವ ಹೀರಿದ್ದರೆ ಗರಿಷ್ಠ ಜೀವಾಂಕವೇ ಇಳಿದಿರುತ್ತದೆ, ರಾತ್ರಿಯ ಪೂರ್ತಿ ವಿಶ್ರಾಂತಿ ಬೇಕು.

'ಎಲ್ಲ ಕಡೆ, ಎಲ್ಲರಿಗೂ, ಏನೂ ಹತ್ತುತ್ತಿಲ್ಲ'

ಮೇಲಿನದೆಲ್ಲ ನೋಡಿ ಆಯಿತು. ಅಂಚು ಹುಡುಕಿ ಒಂದು ದಿನ ನಡೆದರೂ ಕಲ್ಲು ಬೆಳಗಲಿಲ್ಲ. ಈಗ ಹೇಳಬಹುದು, ಮಿಸ್ಟ್ರಾಳಿಗೆ ಏನೋ ಆಗಿದೆ.

ಇಂಥದ್ದು ಮೊದಲು ಆದದ್ದು ಮಾಂತ್ರಿಕರ ಹಳೆಯ ಸಾಮ್ರಾಜ್ಯವಾದ ನೆಥೆರಿಲ್‌ನಲ್ಲಿ. ಅಲ್ಲಿನ ಕಾಲಗಣನೆ ಶುರುವಾಗುವುದಕ್ಕೂ 339 ವರ್ಷ ಹಿಂದೆ, ಕಾರ್ಸಸ್ ಎಂಬ ಮಾಂತ್ರಿಕ 12ನೇ ಮಟ್ಟದ ಮಂತ್ರ ಹಾಕಿ ಮಂತ್ರದೇವತೆಯ ಶಕ್ತಿಯನ್ನೇ ಕಿತ್ತುಕೊಂಡ. ನೇಯ್ಗೆ ಹಿಡಿದಿಡುವುದು ಅವನಿಂದ ಆಗಲಿಲ್ಲ. ಅದು ಪೂರ್ತಿ ನಾಶವಾಗದಿರಲಿ ಅಂತ ಆ ದೇವತೆ, ಮಿಸ್ಟ್ರಾಳಿಗಿಂತ ಮೊದಲಿದ್ದ ಮಿಸ್ಟ್ರಿಲ್, ತನ್ನನ್ನೇ ಬಲಿ ಕೊಟ್ಟಳು. ಮಂತ್ರ ನಿಂತ ಗಳಿಗೆಯಲ್ಲಿ ಆಕಾಶದಲ್ಲಿ ತೇಲುತ್ತಿದ್ದ ನಗರಗಳು ಜನರ ಸಮೇತ ನೆಲಕ್ಕೆ ಬಿದ್ದವು. ಹೊಸ ಮಿಸ್ಟ್ರಾ ಬಂದ ಮೇಲೆ ಅಷ್ಟು ಎತ್ತರದ ಮಂತ್ರಗಳನ್ನು ಮನುಷ್ಯರ ಕೈಗೆ ಸಿಗದ ಹಾಗೆ ಮಾಡಿದಳು. ನಿಮ್ಮ ವಿಝರ್ಡ್‌ಗೆ ಒಂಬತ್ತನೇ ಮಟ್ಟವೇ ಕೊನೆ ಯಾಕೆ ಅನ್ನುವುದಕ್ಕೆ ಆ ಲೋಕ ಕೊಡುವ ಉತ್ತರ ಇದು.

ಇಲ್ಲಿ ಪಾತ್ರಗಳು ದೊಡ್ಡ ಮಾಂತ್ರಿಕರ, ವಿದ್ವಾಂಸರ ನೆರವು ಹುಡುಕಬೇಕು. ಶ್ಯಾಡೋಡೇಲ್‌ನ ಎಲ್‌ಮಿನ್‌ಸ್ಟರ್, ವಾಟರ್‌ಡೀಪ್‌ನ ಬ್ಲ್ಯಾಕ್‌ಸ್ಟಾಫ್, ಕ್ಯಾಂಡಲ್‌ಕೀಪ್‌ನ ಗ್ರಂಥಾಲಯ. ಕ್ಯಾಂಡಲ್‌ಕೀಪ್‌ಗೆ ಹೋಗುವಾಗ ಅವರ ಬಳಿ ಇಲ್ಲದ ಪುಸ್ತಕ ಒಂದನ್ನು ಒಯ್ಯಿರಿ. ಬಾಗಿಲು ತೆರೆಯುವುದು ಅದಕ್ಕೇ.

ಇನ್ನು ಡಂಜನ್ ಮಾಸ್ಟರ್‌ಗಳಿಗೆ. ಟೇಬಲ್ ಮೇಲೆ ಇದೇ ಜಾಸ್ತಿ ಕೆಡುವ ಜಾಗ. ವಿಝರ್ಡ್ ಆಡುವವರು ವಾರವಿಡೀ ಕಾದು ಬಂದಿರುತ್ತಾರೆ. ಅವರ ಎಲ್ಲ ಮಂತ್ರ ಕಿತ್ತುಕೊಂಡು ನಾಲ್ಕು ಗಂಟೆ ಸುಮ್ನೆ ಕೂರಿಸಿದರೆ ಅವರು ಮುಂದಿನ ವಾರ ಬರುವುದಿಲ್ಲ. ಆಟ ಶುರುವಾಗುವ ಮೊದಲೇ, ಈ ಕತೆಯಲ್ಲಿ ಮಂತ್ರ ಕೈಕೊಡುವ ದಿನಗಳಿವೆ ಅಂತ ಹೇಳಿ ಒಪ್ಪಿಗೆ ಕೇಳಿ. ಹರಿದ ಜಾಗದ ನಿಯಮವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಸಾಲಿನಲ್ಲಿ ಬರೆದಿಡಿ: ಅಂಚು ಎಲ್ಲಿ, ಏನು ಆರುತ್ತದೆ, ಹೊರಬಂದರೆ ಏನು ಮರಳುತ್ತದೆ. ಆಟಗಾರರು ಗಳ ಚಾಚಿ ಪರೀಕ್ಷೆ ಮಾಡಿದಾಗ ಪ್ರತಿ ಸಲ ಅದೇ ಉತ್ತರ ಕೊಡಿ. ನಿಮ್ಮ ಅನುಕೂಲಕ್ಕೆ ಅಂಚು ಸರಿಸಬೇಡಿ. ಸರಿಸಿದರೆ ಅವರು ಬಿಹೋಲ್ಡರ್ ಹುಡುಕಲು ಶುರು ಮಾಡುತ್ತಾರೆ, ಅವರ ಲೆಕ್ಕ ಸರಿಯೇ ಇರುತ್ತದೆ.

ಯಾರದಾದರೂ ಮುಖ ನಿಜವಾಗಿ ಬಾಡಿದ್ದು ಕಂಡರೆ ದಾಳ ಕೆಳಗಿಡಿ. ಕಾಫಿ ಕುಡಿಯಿರಿ, ಅವರ ಜೊತೆ ಪಕ್ಕಕ್ಕೆ ಹೋಗಿ ಮಾತಾಡಿ, ಆಮೇಲೆ ಮುಂದುವರಿಸಿ.